ಮೂತ್ರ ಪರೀಕ್ಷೆ: ಮೂತ್ರಪಿಂಡಗಳ ಮೊದಲ ಸುಳಿವು

ಮೂತ್ರಪಿಂಡಗಳ ಕಾಯಿಲೆ ಆರಂಭದಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಕಾಲು ಊದಿಕೊಂಡು, ಊಟ ಸೇರದೆ, ಆಯಾಸವೆಂದು ವೈದ್ಯರ ಬಳಿ ಹೋಗುವ ವೇಳೆಗೆ ಅವುಗಳ ಶಕ್ತಿ ಬಹುಪಾಲು ಕುಂದಿರಬಹುದು. ಆದರೆ ಎಷ್ಟೋ ವರ್ಷ ಮೊದಲೇ ಮೂತ್ರ ಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ.

ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಆರೋಗ್ಯವಂತ ಜರಡಿ ಹೊರಗೆ ಬಿಡುವುದಿಲ್ಲ. ಜರಡಿ ಹಾಳಾದರೆ ಅದು ಸೋರತೊಡಗುತ್ತದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಕಾಯಿಸಿದಾಗ ಅದು ಹೆಪ್ಪುಗಟ್ಟುವುದನ್ನು ಕಂಡು, ಮೂತ್ರಪಿಂಡದ ಕಾಯಿಲೆಯೊಂದಿಗೆ ಅದಕ್ಕಿರುವ ನಂಟನ್ನು 1827ರಲ್ಲಿ ಪ್ರಕಟಿಸಿದರು.

ಇಂದು ರಾಸಾಯನಿಕ ಸವರಿದ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಗಿ ಹಲವು ಸಂಗತಿಗಳು ತಿಳಿಯುತ್ತವೆ.

ಸಕ್ಕರೆ: ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ ದಾಟಿದಾಗ ಮೂತ್ರದಲ್ಲಿ ಕಾಣುತ್ತದೆ. ಆದ್ದರಿಂದ ಮೂತ್ರದಲ್ಲಿ ಸಕ್ಕರೆ ಇಲ್ಲವೆಂದ ಮಾತ್ರಕ್ಕೆ ಮಧುಮೇಹವಿಲ್ಲ ಎನ್ನಲಾಗದು. ಡಪಾಗ್ಲಿಫ್ಲೋಜಿನ್‌ನಂತಹ ಮಾತ್ರೆ ಸೇವಿಸುವವರಲ್ಲಿ ಮಾತ್ರೆಯಿಂದಲೇ ಸಕ್ಕರೆ ಕಾಣುತ್ತದೆ.

ರಕ್ತ: ಕಲ್ಲು, ಸೋಂಕು, ಮೂತ್ರಪಿಂಡದ ಉರಿಯೂತ, ಕೆಲವೊಮ್ಮೆ ಮೂತ್ರಕೋಶದ ಗೆಡ್ಡೆ ಕಾರಣವಿರಬಹುದು. ನೋವಿಲ್ಲವೆಂದು ಅಲಕ್ಷಿಸಬಾರದು.

ನೈಟ್ರೈಟ್: ಬ್ಯಾಕ್ಟೀರಿಯಾ ಸೋಂಕಿನ ಸೂಚನೆ.

ಆಲ್ಬುಮಿನ್: ಸ್ವಲ್ಪ ಪ್ರಮಾಣದ ಸೋರಿಕೆ ಪಟ್ಟಿಗೆ ಸಿಗದಿರಬಹುದು. ಅದನ್ನು ಹಿಡಿಯಲು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಬೇಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಸಹಜ. 30ರಿಂದ 300 ಎಚ್ಚರಿಕೆ. 300 ಮೀರಿದರೆ ಸೋರಿಕೆ ತೀವ್ರ. ಜ್ವರ, ಸೋಂಕು, ಕಠಿಣ ವ್ಯಾಯಾಮ, ಮುಟ್ಟಿನ ದಿನಗಳಲ್ಲಿಯೂ ಇದು ಹೆಚ್ಚಬಹುದು. ಹಾಗಾಗಿ ಒಂದೇ ವರದಿ ನೋಡಿ ಗಾಬರಿಯಾಗದೆ ಮತ್ತೆ ಪರೀಕ್ಷಿಸಿ. ಮೂರು ತಿಂಗಳ ನಂತರವೂ ಹೆಚ್ಚಿದ್ದರೆ ಕಾಯಿಲೆಯೆಂದೇ ಭಾವಿಸಬೇಕು.

ನಿಮ್ಮ ಮನೆಯಲ್ಲಿ ಮಧುಮೇಹ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಲಿ. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೇ ಬಗೆಯ ಮಧುಮೇಹ ಪತ್ತೆಯಾದ ವರ್ಷದಿಂದಲೇ ಇದು ಅಗತ್ಯ. ಕುಟುಂಬದಲ್ಲಿ ಮೂತ್ರಪಿಂಡದ ಕಾಯಿಲೆ ಇದ್ದವರು ಮತ್ತು ದೀರ್ಘಕಾಲ ನೋವಿನ ಮಾತ್ರೆ ನುಂಗಿದವರೂ ವೈದ್ಯರನ್ನು ಕೇಳಿ ಮಾಡಿಸುವುದು ಒಳ್ಳೆಯದು.

ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಉತ್ತಮ. ಆರಂಭದ ಸ್ವಲ್ಪ ಭಾಗ ಬಿಟ್ಟು, ನಡುವಿನದನ್ನು ಪ್ರಯೋಗಾಲಯ ಕೊಟ್ಟ ಸ್ವಚ್ಛ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಹಳೆಯ ಔಷಧಿ ಬಾಟಲಿ ಬೇಡ. ಒಂದು ಗಂಟೆಯೊಳಗೆ ತಲುಪಿಸಿ.

ಸೋರಿಕೆ ಬೇಗ ಗೊತ್ತಾದರೆ ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ, ಉಪ್ಪಿನ ಮಿತಿ, ವೈದ್ಯರು ಬರೆದುಕೊಡುವ ಮಾತ್ರೆಗಳಿಂದ ಕಾಯಿಲೆಯ ವೇಗ ತಗ್ಗಿಸಬಹುದು. ತಡವಾದರೆ ಉಳಿಯುವುದು ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ. ಮುಂದಿನ ಬಾರಿ ಸಕ್ಕರೆ ಪರೀಕ್ಷೆಗೆ ಹೋದಾಗ ಮೂತ್ರವನ್ನೂ ಕೊಟ್ಟು ಬನ್ನಿ.