ಟಾರ್ಕ್ ಕನ್ವರ್ಟರ್ ಕಳಚುವ ಕ್ರಮ

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಇಳಿಸುವವರಿಗೆ ನಿಯಮ ಒಂದೇ: ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಜೊತೆಗೇ ಕೆಳಗಿಳಿಯಬೇಕು. ಅದು ಫ್ಲೈವೀಲಿಗೆ ಕಚ್ಚಿಕೊಂಡು ಉಳಿದು ಗೇರ್‌ಬಾಕ್ಸ್ ಮಾತ್ರ ಹಿಂದೆ ಸರಿದರೆ ಆಯಿಲ್ ಪಂಪು, ಅದರ ಮುಂದಿನ ಸೀಲು, ಫ್ಲೈವೀಲ್ ಮೂರಕ್ಕೂ ಪೆಟ್ಟು ಬೀಳಬಹುದು.

ಮೊದಲು ನಿಮ್ಮ ಕಾರಿನಲ್ಲಿ ಕನ್ವರ್ಟರ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲ ಎಂದಮಾತ್ರಕ್ಕೆ ಕನ್ವರ್ಟರ್ ಇದೆ ಎನ್ನುವಂತಿಲ್ಲ. ವ್ಯಾಗನ್‌ಆರ್, ಟಿಯಾಗೊ ಕಾರುಗಳ ಎಎಂಟಿಯಲ್ಲಿರುವುದು ಮಾಮೂಲಿ ಕ್ಲಚ್ಚೇ. ಇನೋವಾ ಕ್ರಿಸ್ಟಾ ಆಟೋಮ್ಯಾಟಿಕ್, ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್, ಎಕ್ಸ್‌ಯುವಿ 700 ಆಟೋಮ್ಯಾಟಿಕ್‌ಗಳಲ್ಲಿ ಕನ್ವರ್ಟರ್ ಇದೆ. ಇನ್ನೊಂದು ಮಾತು: ಗ್ಯಾರೇಜಿನಲ್ಲಿ ಎಲ್ಲರೂ ಫ್ಲೈವೀಲ್ ಎಂದೇ ಅಂದರೂ ಆಟೋಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಲೆಕ್ಸ್ ಪ್ಲೇಟ್, ಹಲ್ಲುಗಳಿರುವ ತೆಳ್ಳನೆಯ ಉಕ್ಕಿನ ತಟ್ಟೆ. ಮೀಟಿದರೆ ಬಾಗುತ್ತದೆ. ಬಾಗಿದ್ದು ಮುಂದೆ ಬಿರುಕು ಬಿಟ್ಟು ಟಕಟಕ ಸದ್ದು ಶುರುಮಾಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಕಾರನ್ನು ಜಾಕ್ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ. ಇಟ್ಟಿಗೆ, ಸೈಜುಗಲ್ಲಿನ ಮೇಲೆ ನಿಲ್ಲಿಸಿ ಅಡಿಗೆ ನುಸುಳುವ ಧೈರ್ಯ ಯಾರಿಗೂ ಬೇಡ. ಗೇರ್ ಆಯಿಲ್ ಇಳಿಸಿ. ಡ್ರೈನ್ ಪ್ಲಗ್ಗಿನಿಂದ ಹನಿ ನಿಂತರೂ ಕನ್ವರ್ಟರಿನ ಹೊಟ್ಟೆಯಲ್ಲಿ ಇನ್ನೂ ಲೀಟರುಗಟ್ಟಲೆ ಇರುತ್ತದೆ. ಟ್ರೇ ಹತ್ತಿರದಲ್ಲೇ ಇರಲಿ.

ಕನ್ವರ್ಟರನ್ನು ಫ್ಲೆಕ್ಸ್ ಪ್ಲೇಟಿಗೆ ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಮೂರರಿಂದ ಆರು ಬೋಲ್ಟು ಅಥವಾ ನಟ್ಟು. ಬೆಲ್ ಹೌಸಿಂಗ್ ಅಡಿಯ ಸಣ್ಣ ಮುಚ್ಚಳ ಬಿಚ್ಚಿದರೆ, ಕೆಲವು ಕಾರುಗಳಲ್ಲಿ ಸ್ಟಾರ್ಟರ್ ಮೋಟಾರ್ ತೆಗೆದರೆ, ಅವು ಕಾಣುತ್ತವೆ. ಒಂದು ಸಲಕ್ಕೆ ಒಂದೇ ಬೋಲ್ಟ್ ಎದುರಿಗೆ ಬರುತ್ತದೆ. ಅದನ್ನು ಬಿಚ್ಚಿ, ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಮುಂದಿನದನ್ನು ತರಬೇಕು. ಉಲ್ಟಾ ತಿರುಗಿಸಿದರೆ ಪುಲ್ಲಿಯ ಬೋಲ್ಟೇ ಸಡಿಲವಾದೀತು. ಮೊದಲ ಬೋಲ್ಟಿನ ಪಕ್ಕದಲ್ಲಿ ಕನ್ವರ್ಟರಿಗೂ ಪ್ಲೇಟಿಗೂ ಸೇರಿಸಿ ಪೇಂಟಿನ ಗುರುತು ಹಾಕಿಡಿ.

ಹೆಚ್ಚು ಕಾಡುವುದು ಈ ಬೋಲ್ಟುಗಳೇ. ಇವಕ್ಕೆ ಕಂಪನಿಯಲ್ಲೇ ಲಾಕಿಂಗ್ ಅಂಟು ಹಚ್ಚಿರುವುದುಂಟು, ತಲೆಯೂ ತೆಳ್ಳಗಿರುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಪೂರ್ತಿ ಒಳಗೆ ಕೂತಿದೆಯೇ ನೋಡಿ, ಆಮೇಲೆ ಬಲ ಹಾಕಿ. ತಲೆ ಒಮ್ಮೆ ಉಂಡೆಯಾಯಿತೋ, ಆ ಇಕ್ಕಟ್ಟಿನಲ್ಲಿ ಬೋಲ್ಟ್ ಕೊರೆಯುವ ಕೆಲಸ ಶತ್ರುವಿಗೂ ಬೇಡ. ಪ್ಲೇಟು ತಿರುಗದಂತೆ ಹಲ್ಲಿಗೆ ಲಾಕ್ ಟೂಲ್ ಕೊಡಿ. ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಹಲ್ಲು ಮುರಿದೀತು.

ಎಲ್ಲವೂ ಬಂದ ಮೇಲೆ ಕನ್ವರ್ಟರನ್ನು ಗೇರ್‌ಬಾಕ್ಸ್ ಕಡೆಗೆ ಕೈಯಿಂದ ದೂಡಿ. ಕೆಲವು ಮಿಲಿಮೀಟರ್ ಹಿಂದೆ ಸರಿದು ಕೈಗೆ ಸಲೀಸಾಗಿ ತಿರುಗಬೇಕು. ಅಲುಗದಿದ್ದರೆ ಬೋಲ್ಟುಗಳನ್ನು ಮತ್ತೆ ಎಣಿಸಿ, ಒಂದು ಉಳಿದಿರುವುದೇ ಹೆಚ್ಚು. ಲೆಕ್ಕ ಸರಿಯಿದ್ದರೆ ಕನ್ವರ್ಟರಿನ ನಡುಮೂತಿ ಕ್ರ್ಯಾಂಕಿನ ಗುಳಿಯಲ್ಲಿ ತುಕ್ಕು ಹಿಡಿದು ಕೂತಿದೆ ಎಂದರ್ಥ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಿರಿ, ಚಹಾ ಕುಡಿದು ಬನ್ನಿ. ನಂತರ ಬೋಲ್ಟ್ ಕೂರುವ ದಪ್ಪ ಜಾಗಗಳ ಬಳಿ ಮಾತ್ರ ಸಣ್ಣ ಮೀಟುಗೋಲಿನಿಂದ ಮೆಲ್ಲಗೆ ಒತ್ತಿ, ಕ್ರ್ಯಾಂಕ್ ತಿರುಗಿಸಿ, ಇನ್ನೊಂದು ಕಡೆ ಒತ್ತಿ. ಒಂದೇ ಕಡೆ ಜೋರು ಮಾಡಬಾರದು.

ಆಮೇಲೆ ಕೂಲರ್ ಪೈಪು, ವೈರಿಂಗ್, ಡ್ರೈವ್ ಶಾಫ್ಟ್ (ಕ್ರಿಸ್ಟಾದಂಥ ಹಿಂಚಕ್ರದ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್) ತೆಗೆದು, ಎಂಜಿನ್ನಿಗೆ ಆಸರೆ, ಗೇರ್‌ಬಾಕ್ಸಿಗೆ ಜಾಕಿ ಕೊಟ್ಟು ಬೆಲ್ ಹೌಸಿಂಗ್ ಬೋಲ್ಟುಗಳನ್ನು ಬಿಚ್ಚಿ. ಗೇರ್‌ಬಾಕ್ಸ್ ಒಂದಂಗುಲ ಸರಿದ ಕೂಡಲೇ ನಿಂತು, ಕನ್ವರ್ಟರೂ ಜೊತೆಗೆ ಬಂತೇ ನೋಡಿ. ಬಂದಿದ್ದರೆ ಬೆಲ್ ಹೌಸಿಂಗಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯಿರಿ. ಮೂತಿ ಕೆಳಗಾದರೆ ಆಯಿಲ್ ತುಂಬಿದ ಆ ಭಾರ ಜಾರಿ ಕಾಲಿನ ಮೇಲೇ ಬೀಳುತ್ತದೆ. ಇಳಿಸಿದ ಮೇಲೆ ಎರಡೂ ಕೈಯಲ್ಲಿ ನೇರವಾಗಿ ಎಳೆದರೆ ಕನ್ವರ್ಟರ್ ಹೊರಬರುತ್ತದೆ.

ವಾಪಸು ಕೂರಿಸುವಾಗ ತಿರುಗಿಸುತ್ತ ಒತ್ತಿ. ಶಾಫ್ಟಿನ ಹಲ್ಲು, ಪಂಪಿನ ಖಾಂಚು ಒಂದೊಂದಾಗಿ ಸಿಕ್ಕಾಗ ‘ಟಕ್’ ಎಂದು ಒಳಸರಿಯುತ್ತದೆ. ಬೆಲ್ ಹೌಸಿಂಗ್ ಅಂಚಿನಿಂದ ಆಳ ಎಷ್ಟಿರಬೇಕೆಂದು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ, ಅಳೆದೇ ಮುಂದುವರಿಯಿರಿ. ಹೌಸಿಂಗ್ ಎಂಜಿನ್ನಿಗೆ ಕೈಬಲದಲ್ಲೇ ಕೂಡಬೇಕು. ಬೋಲ್ಟ್ ಬಿಗಿದು ಎಳೆದರೆ ಒಡೆಯುವುದು ಪಂಪು. ಕೂಡಿದ ಮೇಲೂ ಕನ್ವರ್ಟರಿಗೂ ಪ್ಲೇಟಿಗೂ ಸ್ವಲ್ಪ ಸಂದು ಇದ್ದರೆ ಸರಿಯಾಗಿ ಕೂತಿದೆ. ಕೆಲವು ಟೊಯೋಟಾ ಗೇರ್‌ಬಾಕ್ಸ್‌ಗಳಲ್ಲಿ ಕನ್ವರ್ಟರಿನ ಒಂದು ಬೋಲ್ಟಿನ ಬಣ್ಣ ಬೇರೆ. ಅದನ್ನೇ ಮೊದಲು ಹಾಕಬೇಕು. ಡಬ್ಬಿಯಲ್ಲಿ ಸಿಕ್ಕಿದ ಉದ್ದದ ಬೋಲ್ಟ್ ಹಾಕಿದರೆ ಅದರ ತುದಿ ಕನ್ವರ್ಟರಿನ ಮುಖಕ್ಕೆ ಒತ್ತಿ ಒಳಗಿನ ಲಾಕಪ್ ಕ್ಲಚ್ ಹಾಳಾಗುತ್ತದೆ. ಹೊಸ ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿದಾಗ ಕನ್ವರ್ಟರ್ ಒಂದಿಷ್ಟನ್ನು ಹೀರಿಕೊಳ್ಳುವುದರಿಂದ, ಬ್ರೇಕ್ ಒತ್ತಿಹಿಡಿದು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ, ಮಟ್ಟ ನೋಡಿ ಮತ್ತೆ ತುಂಬಿ.