ರೆಕಾರ್ಡರ್ ಎಂಬ ಕೊಳಲು ಮತ್ತು ಸಮಕಾಲೀನ ವೃಂದರಚನೆ

ಕನ್ನಡದಲ್ಲಿ ‘ರೆಕಾರ್ಡರ್’ ಎಂದೊಡನೆ ಧ್ವನಿಮುದ್ರಣದ ಯಂತ್ರ ನೆನಪಾಗುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಅದು ಶತಮಾನಗಳಷ್ಟು ಹಳೆಯ ಕೊಳಲು. ಈ ಇಂಗ್ಲಿಷ್ ಹೆಸರಿನ ಹಿಂದೆ ‘ನೆನಪಿಗೆ ತಂದುಕೊಳ್ಳು’ ಎಂಬರ್ಥದ ಲ್ಯಾಟಿನ್ ಮೂಲವಿದೆ. ಫ್ರೆಂಚರು ಇದನ್ನು ‘ಕೊಕ್ಕಿನ ಕೊಳಲು’ ಎಂದರು. ಇಟಲಿಯವರು ‘ಮಧುರ ಕೊಳಲು’ ಎಂದರು. ಜರ್ಮನರ ಹೆಸರಿನ ಅರ್ಥ ‘ಬಿರಡೆಯ ಕೊಳಲು’. ಈ ಹೆಸರುಗಳಲ್ಲಿ ವಾದ್ಯದ ಮರ್ಮವನ್ನು ಹಿಡಿದಿರುವುದು ಜರ್ಮನ್ ಹೆಸರೇ.

ಬಾಯಿತುದಿಯಲ್ಲಿ ಕೂಡಿಸಿದ ಮರದ ಬಿರಡೆಯು ಉಸಿರಿಗೆ ಒಂದು ಕಿರಿದಾದ ದಾರಿಯನ್ನು ಬಿಟ್ಟಿರುತ್ತದೆ. ಆ ದಾರಿಯಲ್ಲಿ ಹಾಯ್ದ ಗಾಳಿ ಎದುರಿನ ಚೂಪಾದ ಅಂಚಿಗೆ ತಾಗಿ ನಾದವಾಗುತ್ತದೆ. ಜಾತ್ರೆಗಳಲ್ಲಿ ಮಾರುವ, ತುದಿಯಿಂದ ಊದುವ ಬಿದಿರಿನ ಕೊಳಲಿನ ತತ್ತ್ವವೂ ಇದೇ. ಅಡ್ಡಕೊಳಲಿನ ವಾದಕನು ತುಟಿಯ ಕೋನವನ್ನು ಬದಲಿಸಿ ಸ್ವರವನ್ನು ತಿದ್ದಿಕೊಳ್ಳಬಲ್ಲನು. ರೆಕಾರ್ಡರಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಬಲವಾಗಿ ಊದಿದರೆ ಸ್ವರ ಏರುತ್ತದೆ, ಮೆಲ್ಲನೆ ಊದಿದರೆ ಇಳಿಯುತ್ತದೆ. ದೊಡ್ಡ ಸಭಾಂಗಣಗಳೂ ಏರಿಳಿತದ ಧ್ವನಿಯೂ ಬೇಕಾದ ಕಾಲದಲ್ಲಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ, ಈ ವಾದ್ಯ ಹಿಂದೆ ಸರಿದುದಕ್ಕೆ ಇದೂ ಒಂದು ಕಾರಣ. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಆರ್ನಾಲ್ಡ್ ಡಾಲ್ಮೆಚ್ ಇದನ್ನು ಮತ್ತೆ ತಯಾರಿಸಿ ಬಳಕೆಗೆ ತಂದರು.

ಚೇಂಬರ್ ಸಂಗೀತವೆಂದರೆ ಒಂದೊಂದು ಸ್ವರಧಾರೆಗೆ ಒಬ್ಬೊಬ್ಬರೇ ವಾದಕರಿರುವ, ನಿರ್ದೇಶಕನಿಲ್ಲದ ಚಿಕ್ಕ ವೃಂದದ ಸಂಗೀತ. ರೆಕಾರ್ಡರ್ ವೃಂದದಲ್ಲಿ ಒಬ್ಬನ ಉಸಿರು ತುಸು ಹೆಚ್ಚಾದರೆ ಇಡೀ ಸ್ವರಮೇಳ ಕೆಡುತ್ತದೆ. ಸ್ವರಗಳು ಸರಿಯಾಗಿ ಕೂಡಿದಾಗಲಾದರೋ, ಯಾರೂ ನುಡಿಸದ ಒಂದು ಮಂದ್ರಸ್ವರ ಕೇಳುಗನ ಕಿವಿಯಲ್ಲಿ ಮೂಡುವುದುಂಟು. ಇದು ಭೌತಶಾಸ್ತ್ರ ಬಲ್ಲ ಸಂಗತಿ. ಕೇಳಿದವರಿಗೆ ಮಾತ್ರ ವಿಸ್ಮಯ. ದೋಷವೆನಿಸಿಕೊಂಡ ಈ ಸೂಕ್ಷ್ಮತೆಯನ್ನೇ ಆಧುನಿಕ ರಚನಕಾರರು ಸಾಮಗ್ರಿಯಾಗಿ ಮಾಡಿಕೊಂಡರು.

1932ರಲ್ಲಿ ಪೌಲ್ ಹಿಂಡೆಮಿಟ್, ಉತ್ತರ ಜರ್ಮನಿಯ ಪ್ಲೋನ್ ಊರಿನ ಶಾಲೆಯ ಸಂಗೀತ ದಿನಕ್ಕಾಗಿ ಬರೆದ ಕೃತಿಗಳಲ್ಲಿ ಮೂರು ರೆಕಾರ್ಡರುಗಳ ರಚನೆಯೊಂದಿದೆ. ಶಾಲಾಮಕ್ಕಳ ವಾದ್ಯಕ್ಕೆ ಗಂಭೀರ ರಚನೆ ಒಗ್ಗುವುದೆಂಬುದು ಅಲ್ಲಿಯೇ ಸಿದ್ಧವಾಯಿತು. ಎಸ್ಟೋನಿಯಾದ ಆರ್ವೋ ಪ್ಯಾರ್ಟ್ 1976ರಲ್ಲಿ ರಚಿಸಿದ ‘ಪಾರಿ ಇಂಟರ್ವಾಲೊ’ ಕೃತಿಗೆ ನಾಲ್ಕು ರೆಕಾರ್ಡರುಗಳ ರೂಪವೂ ಉಂಟು. ‘ಸಮಾನ ಅಂತರದಲ್ಲಿ’ ಎಂಬುದು ಈ ಲ್ಯಾಟಿನ್ ಹೆಸರಿನ ಅರ್ಥ. ಎರಡು ಧಾರೆಗಳು ಒಂದೇ ಅಂತರವನ್ನು ಕಾಯ್ದುಕೊಂಡು ಸಾಗುತ್ತವೆ; ಉಳಿದೆರಡು ಒಂದೇ ತ್ರಿಸ್ವರದೊಳಗೆ ಗಂಟೆಯಂತೆ ಮಿಡಿಯುತ್ತವೆ. ಏರಿಳಿತದ ಆಡಂಬರವಿಲ್ಲದ ಇಂಥ ಸಂಗೀತಕ್ಕೆ ಈ ವಾದ್ಯ ಹೇಳಿ ಮಾಡಿಸಿದಂತಿದೆ.

ಜಪಾನಿನ ರ್ಯೋಹೆಯ್ ಹಿರೋಸೆಯವರ ‘ಲ್ಯಾಮೆಂಟೇಶನ್’ (1975) ಇದಕ್ಕೆ ತೀರ ಭಿನ್ನವಾದುದು. ನಾಲ್ಕು ರೆಕಾರ್ಡರುಗಳ ಈ ಶೋಕರಚನೆಯಲ್ಲಿ ಜಪಾನಿನ ಬಿದಿರುಕೊಳಲು ಶಕುಹಾಚಿಯ ಛಾಯೆ ಕಾಣುತ್ತದೆ. ಪ್ಯಾರ್ಟ್‌ಗಿಂತ ಹಿರೋಸೆಯೇ ವಾದ್ಯದ ಒಳಹೊಕ್ಕವರು ಎನ್ನಬೇಕು. ಏಕೆಂದರೆ ಅಲುಗುವ ಸ್ವರವನ್ನು ಅವರು ಮರೆಮಾಚದೆ ಶೋಕದ ದನಿಯಾಗಿಸಿದ್ದಾರೆ. 1978ರಲ್ಲಿ ನೆದರ್‌ಲೆಂಡ್ಸಿನಲ್ಲಿ ಹುಟ್ಟಿದ ಆಮ್‌ಸ್ಟರ್‌ಡ್ಯಾಮ್ ಲೂಕಿ ಸ್ಟಾರ್‌ಡಸ್ಟ್ ಚತುಷ್ಟಯವು ಹಳೆಯ, ಹೊಸ ರಚನೆಗಳೆರಡನ್ನೂ ನುಡಿಸಿ ಜನಪ್ರಿಯವಾಯಿತು. ಪೇಟ್ಸೋಲ್ಡ್ ಹೆಸರಿನ, ಪ್ಲೈವುಡ್ಡಿನ ಚೌಕಾಕಾರದ ಭಾರಿ ಮಂದ್ರವಾದ್ಯಗಳು ಬಂದ ಮೇಲೆ ಕೀಲಿಗಳ ಟಕಟಕ ಸದ್ದೂ ಸಂಗೀತದೊಳಗೆ ಸೇರಿತು.

ಇಂಥ ರಚನೆಯನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ‘ನಾದ’, ‘ಮಾಧುರ್ಯ’ ಎಂಬ ಸಿದ್ಧ ಪದಗಳು ಸಾಲವು. ಕೇಶಿರಾಜನ ವ್ಯಾಕರಣದಲ್ಲಿ ವಿದ್ಯಾರ್ಥಿಗಳು ಓದುವ ಅನುಕರಣಾವ್ಯಯಗಳ ಕಡೆಗೆ ಇಲ್ಲಿ ತಿರುಗಬಹುದು. ಸುಯ್ಯೆನ್ನುವ ಉಸಿರು, ಟಕ್ಕೆನ್ನುವ ಕೀಲಿ, ಗುಂಯ್ಗುಟ್ಟುವ ಮಂದ್ರ: ಇವುಗಳಿಗೆ ಕನ್ನಡದಲ್ಲಿ ಮಾತಿಗೇನೂ ಕೊರತೆಯಿಲ್ಲ.