ಪಾಸ್‌ಪೋರ್ಟ್ ಎರಡಿರಲಿ, ವೋಟು ಒಂದಿರಲಿ

ನೀನು ಲಿಬರ್ಟೇರಿಯನ್ ಆಗಿದ್ದೀಯ ಅಂತ ನಿನ್ನಮ್ಮ ಹೇಳಿದಾಗ ಅದ್ಯಾವುದೋ ಹೊಸ ಪಥ್ಯ ಅಂದುಕೊಂಡಿದ್ದೆ. ಬೆಣ್ಣೆ ತುಪ್ಪ ಬಿಟ್ಟನೇನೋ ಅಂತ. ಆಮೇಲೆ ನಿನ್ನ ಮೇಲ್ ಓದಿದೆ. ಬಿಟ್ಟದ್ದು ತುಪ್ಪವಲ್ಲ, ಸರ್ಕಾರ. ಸಂತೋಷ. ಆದರೆ ಸರ್ಕಾರವೇ ಬೇಡ ಅನ್ನುವ ಹುಡುಗ ಎರಡೆರಡು ಸರ್ಕಾರ ಬೇಕು ಅಂತ ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ನಾಲ್ಕು ಮಾತು.

ಮನುಷ್ಯ ಯಾವ ಸರ್ಕಾರದ ಸ್ವತ್ತೂ ಅಲ್ಲ, ಎಷ್ಟು ದೇಶಗಳ ಪೌರತ್ವ ಇಟ್ಟುಕೊಳ್ಳಬೇಕು ಅನ್ನುವುದು ಅವನ ಇಷ್ಟ, ಅಮೆರಿಕವೇ ಸುಮ್ಮನಿರುವಾಗ ಭಾರತ ಯಾಕೆ ಅಡ್ಡ ಬರಬೇಕು ಅಂತ ಬರೆದಿದ್ದೀಯ. ಮುಕ್ಕಾಲು ಪಾಲು ಸರಿ. ಮೊದಲು ನಿನ್ನ ಪರವಾಗಿಯೇ ವಾದಿಸುತ್ತೇನೆ, ಯಾಕೆಂದರೆ ನೀನು ಅದನ್ನು ನೆಟ್ಟಗೆ ಮಾಡಿಲ್ಲ.

ವೈಷ್ಣೋ ದಾಸ್ ಬಗಾಯಿ ಅನ್ನುವವರ ಹೆಸರು ಕೇಳಿದ್ದೀಯಾ? ಪೇಶಾವರದವರು. 1915ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಂಗಡಿ ಇಟ್ಟರು. ಬ್ರಿಟಿಷರ ಪ್ರಜೆಯಾಗಿ ಬಾಳುವುದು ಸಾಕಾಗಿ, 1921ರಲ್ಲಿ ಅಮೆರಿಕದ ಪೌರರಾದರು. ಎರಡೇ ವರ್ಷ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂದುಬಿಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ್ದೇ ಸೈನ್ಯದಲ್ಲಿದ್ದವರು, ಅದನ್ನೂ ಯಾರೂ ನೋಡಲಿಲ್ಲ. ಕೊಟ್ಟ ಪೌರತ್ವವನ್ನೂ ಕಿತ್ತುಕೊಳ್ಳಲು ಶುರುಮಾಡಿದರು. ಬಗಾಯಿಯವರದೂ ಹೋಯಿತು. ಹಿಂದೆಯೇ ಆಸ್ತಿಯೂ ಹೋಯಿತು. ಊರಿಗೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಹೋಗು ಅಂದರು. ಯಾವುದನ್ನು ಬೇಡವೆಂದು ಕಳಚಿಟ್ಟಿದ್ದರೋ ಅದನ್ನೇ ಮತ್ತೆ ತೊಡು ಅಂದ ಹಾಗೆ. 1928ರಲ್ಲಿ ಅವರು ಜೀವ ಕಳೆದುಕೊಂಡರು.

ಹಳೆಯದನ್ನು ಬಿಟ್ಟೇ ಹೊಸದನ್ನು ತೆಗೆದುಕೋ ಅನ್ನುವವರಿಗೆ ಈ ಕತೆ ಹೇಳು. ನೀನು ಓದುವ ಆ ಅರ್ಥಶಾಸ್ತ್ರಜ್ಞರ ಹತ್ತು ಪುಸ್ತಕಕ್ಕಿಂತ ಗಟ್ಟಿ. ಒಂದು ಸರ್ಕಾರ ಕೈಬಿಟ್ಟರೆ ನಿಲ್ಲಲು ಇನ್ನೊಂದು ಜಾಗ ಬೇಕು ಅನ್ನುವುದು ದ್ರೋಹವಲ್ಲ, ಮುಂದಾಲೋಚನೆ.

ಅಮೆರಿಕಕ್ಕೂ ಬುದ್ಧಿ ಬಂತು ಅನ್ನು, ತಡವಾಗಿ. ಬೇಯ್ಸ್ ಅಫ್ರೋಯಿಮ್ ಅಂತ ಒಬ್ಬ ಚಿತ್ರಕಾರ, ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೌರನಾದವನು. ಇಸ್ರೇಲಿಗೆ ಹೋಗಿ 1951ರಲ್ಲಿ ಅಲ್ಲಿ ಓಟು ಹಾಕಿದ. ಅಷ್ಟಕ್ಕೇ ನಿನ್ನ ಪೌರತ್ವ ಹೋಯಿತು ಅಂದರು. ಅವನು ಬಿಡಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟು, ಐದಕ್ಕೆ ನಾಲ್ಕರ ಬಹುಮತದಲ್ಲಿ, ಪೌರ ತಾನಾಗಿ ಬಿಟ್ಟುಕೊಡದೆ ಸರ್ಕಾರ ಅದನ್ನು ಕಿತ್ತುಕೊಳ್ಳುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಪ್ರಮಾಣವಚನದಲ್ಲಿ ಪರದೇಶದ ನಿಷ್ಠೆ ತೊರೆಯುತ್ತೇನೆ ಅಂತ ನಿನ್ನ ಬಾಯಲ್ಲಿ ಹೇಳಿಸಿದರೂ ಹಳೇ ಪಾಸ್‌ಪೋರ್ಟ್ ಎಲ್ಲಿ ಅಂತ ಅವರು ಕೇಳದಿರುವುದಕ್ಕೆ ಇಂಥ ಹಿನ್ನೆಲೆಯಿದೆ. ಕೇಳುವವರು ನಮ್ಮವರು. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ ಎರಡೂ ಒಂದೇ ಮಾತು ಹೇಳುತ್ತವೆ: ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರನಾದೆಯೋ, ಇಲ್ಲಿಯದು ಮುಗಿಯಿತು.

ಇಷ್ಟು ನಿನ್ನ ಕಡೆಯ ವಾದ. ಈಗ ನನ್ನದು ಕೇಳು.

ಭಾರತ ತವರುಮನೆ, ಮದುವೆಯಾದ ಮಗಳನ್ನು ತವರಿನವರು ಪಟ್ಟಿಯಿಂದ ಹೊಡೆದುಹಾಕುತ್ತಾರಾ ಅಂತ ಕೇಳಿದ್ದೀಯ. ಹೋಲಿಕೆ ಚೆನ್ನಾಗಿದೆ ಮಾರಾಯ, ಆದರೆ ಪೂರ್ತಿ ಓದಿಕೋ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮಗಳಿಗೆ ಕೂಡುಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೊಟ್ಟರು. ಅದೇ ಕಲಮಿನಲ್ಲಿ, ಆ ಆಸ್ತಿಯ ಹೊಣೆಯೂ ಮಗನಷ್ಟೇ ಅಂತ ಬರೆದಿದ್ದಾರೆ. ಪಾಲಿನ ಸುದ್ದಿ ಎಲ್ಲರಿಗೂ ಗೊತ್ತು, ಹೊಣೆಯ ಸಾಲನ್ನು ಯಾರೂ ಓದುವುದಿಲ್ಲ.

ಬ್ಯಾಂಕಿನ ಎನ್‌ಆರ್‌ಐ ಕೌಂಟರಿನ ಹಿಂದೆ ಕೂತಿದ್ದ ನನ್ನಂಥವನಿಗೆ ಈ ಹೊಣೆಯ ಸಾಲು ಚೆನ್ನಾಗಿ ಗೊತ್ತು. ಅಮೆರಿಕ ತನ್ನ ಪೌರ ಎಲ್ಲೇ ಇರಲಿ, ಎಲ್ಲೇ ದುಡಿಯಲಿ, ಲೆಕ್ಕ ಕೇಳುತ್ತದೆ. ಅವರ ಪೌರರ ಖಾತೆಗಳ ಮಾಹಿತಿ ಕೊಡಲು 2015ರಲ್ಲಿ ಭಾರತ ಒಪ್ಪಂದ ಮಾಡಿಕೊಂಡ ಮೇಲೆ ನಾವು ಖಾತೆದಾರರೆಲ್ಲರ ಮುಂದೆ ಫಾಟ್ಕಾ ಅನ್ನುವ ಆ ಫಾರಂ ಹಿಡಿಯಬೇಕಾಯಿತು. ಅಲ್ಲಿ ರಿಟೈರ್ ಆಗಿ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿಕೊಂಡ ಹಿರಿಯರು ಸಿಟ್ಟಾಗುತ್ತಿದ್ದರು: ‘ನಾನು ವಾಪಸ್ ಬಂದಾಯ್ತಲ್ರೀ, ಇನ್ನೇನು ಅವರಿಗೆ?’ ಬಂದದ್ದು ಅವರು, ಪೌರತ್ವ ಅಲ್ಲಿಯದೇ. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅಲ್ಲಿಗೆ ವರದಿ ಒಪ್ಪಿಸಬೇಕು. ಬೋರಿಸ್ ಜಾನ್ಸನ್ ಕತೆ ಗೊತ್ತಲ್ಲ? ನ್ಯೂಯಾರ್ಕಿನಲ್ಲಿ ಹುಟ್ಟಿದ್ದಕ್ಕೆ ಅಮೆರಿಕದ ಪೌರ. ಐದು ವರ್ಷದ ಹುಡುಗನಾಗಿದ್ದಾಗಲೇ ಬಿಟ್ಟು ಬಂದವನು. ಲಂಡನ್ ಮೇಯರ್ ಆಗಿದ್ದಾಗ ಅಲ್ಲಿನ ತನ್ನ ಮನೆ ಮಾರಿದ ಲಾಭಕ್ಕೂ ಅಮೆರಿಕ ತೆರಿಗೆ ಕೇಳಿತು. ಗೊಣಗಿದ, ಕಟ್ಟಿದ, ಆಮೇಲೆ ಪೌರತ್ವವನ್ನೇ ಬಿಟ್ಟ. ಬಿಡುವುದಕ್ಕೂ ದುಡ್ಡು ಬೇಕು. ಆ ಶುಲ್ಕವನ್ನು 2014ರಲ್ಲಿ 450 ಡಾಲರಿನಿಂದ 2,350ಕ್ಕೆ ಏರಿಸಿದ್ದರು.

ನಮ್ಮ ದಿಲ್ಲಿಯವರು ಹಾಗೆಲ್ಲ ಮಾಡಲ್ಲ ಅನ್ನಬೇಡ. ಬೇರೆಲ್ಲೂ ತೆರಿಗೆಗೆ ಒಳಪಡದ, ಇಲ್ಲಿಂದ 15 ಲಕ್ಷಕ್ಕೆ ಮಿಕ್ಕಿ ಆದಾಯವಿರುವ ಭಾರತೀಯ ಪೌರನನ್ನು ಇಲ್ಲಿನ ನಿವಾಸಿ ಎಂದೇ ಎಣಿಸುವ ನಿಯಮವನ್ನು 2020ರಲ್ಲಿ ತಂದರು. ನಿನಗೆ ಅದು ತಾಗುವುದಿಲ್ಲ. ಆದರೂ ಗಾಳಿ ಎತ್ತ ಬೀಸುತ್ತಿದೆ ನೋಡಿಕೋ. ಕೊರಿಯಾದ ಹುಡುಗರನ್ನು ಕೇಳಿದರೆ ಸೈನ್ಯದ ಸುದ್ದಿಯನ್ನೂ ಹೇಳುತ್ತಾರೆ: ಎರಡು ಪೌರತ್ವವಿದ್ದವರು ಹದಿನೆಂಟು ತುಂಬುವ ವರ್ಷ ಮಾರ್ಚ್ ಮುಗಿಯುವುದರೊಳಗೆ ಒಂದನ್ನು ಆರಿಸಿಕೊಳ್ಳಬೇಕು, ಮರೆತರೆ ಸಮವಸ್ತ್ರ ಕಾಯುತ್ತಿರುತ್ತದೆ.

ಇನ್ನು ವೋಟು. ನೀನು ಉತ್ಸಾಹದಲ್ಲಿ ಎರಡೂ ಕಡೆ ಓಟು ಹಾಕುತ್ತೇನೆ ಅಂದಿದ್ದೀಯ. ಇಲ್ಲೇ ನೀನು ನಿನ್ನ ಸಿದ್ಧಾಂತದಿಂದ ಜಾರಿದ್ದು. ಓಡಾಡುವುದು, ಬಾಳುವುದು, ಆಸ್ತಿ ಇಟ್ಟುಕೊಳ್ಳುವುದು ನಿನ್ನ ಸ್ವಾತಂತ್ರ್ಯ, ಯಾರಿಗೂ ನಷ್ಟವಿಲ್ಲ. ವೋಟು ಹಾಗಲ್ಲ, ಅದು ಇನ್ನೊಬ್ಬರ ಮೇಲೆ ಚಲಾಯಿಸುವ ಅಧಿಕಾರ. ಫ್ರೀಮಾಂಟಿನಲ್ಲಿ ಕೂತು ನೀನು ಆರಿಸಿದ ಸರ್ಕಾರ ಸಾಗರದ ಅಂಗಡಿಯವನ ಮೇಲೆ ತೆರಿಗೆ ಹಾಕಿದರೆ ಕಟ್ಟುವವನು ಅವನು. ಇನ್ನೊಬ್ಬರ ಜೇಬಿಗೆ ಕೈ ಹಾಕಬಾರದು ಅನ್ನುವುದು ನಿನ್ನ ಮತದ ಮೊದಲ ಪಾಠ ಅಲ್ಲವಾ? ನಿನ್ನ ಗುರುಗಳಲ್ಲೂ ಒಮ್ಮತವಿಲ್ಲ ಬಿಡು. ಬ್ರಯಾನ್ ಕ್ಯಾಪ್ಲನ್ ಗಡಿ ತೆರೆಯಿರಿ ಅನ್ನುತ್ತಾನೆ. ಮಿಲ್ಟನ್ ಫ್ರೀಡ್ಮನ್ ಮುಕ್ತ ವಲಸೆ ಮತ್ತು ಕಲ್ಯಾಣ ರಾಜ್ಯ ಎರಡೂ ಒಟ್ಟಿಗೆ ಆಗದು ಅಂದಿದ್ದ. ಹಾನ್ಸ್ ಹೆರ್ಮನ್ ಹಾಪೆಗಂತೂ ಬಾಗಿಲು ಹಾಕಿದಷ್ಟೂ ಖುಷಿ.

ಅದಕ್ಕೇ ಹೇಳುವುದು, ಕೇಳುವುದಾದರೆ ಸರಿಯಾದದ್ದನ್ನು ಕೇಳು. 2003ರ ಜನವರಿಯಲ್ಲಿ, ಮೊದಲ ಪ್ರವಾಸಿ ಭಾರತೀಯ ದಿವಸದಂದು ವಾಜಪೇಯಿ ಘೋಷಿಸಿದ್ದು ದ್ವಿಪೌರತ್ವ. ಕೊನೆಗೆ ಕೈಗೆ ಬಂದದ್ದು ಓಸಿಐ ಅನ್ನುವ ಸಾಗರೋತ್ತರ ಭಾರತೀಯರ ಕಾರ್ಡು. ನೀನು ಅದನ್ನು ಸಮಾಧಾನಕರ ಬಹುಮಾನ ಅಂತ ಮೂಗು ಮುರಿಯುತ್ತೀಯ. ನನಗೆ ಕಾಣುವುದೇ ಬೇರೆ. ಬಾ, ಇರು, ದುಡಿ, ಮನೆ ಕೊಳ್ಳು, ವೋಟು ಮಾತ್ರ ಬೇಡ ಅನ್ನುವ ಕಾರ್ಡು ಅದು. ನಿನ್ನ ಪಂಥದವನಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಯಾವುದಿದೆ?

ಕೊರತೆ ಬೇರೆ ಕಡೆ ಇದೆ. ಅದು ಹಕ್ಕಲ್ಲ, ದಯೆ. 2019ರ ತಿದ್ದುಪಡಿಯ ಪ್ರಕಾರ ಸರ್ಕಾರ ಸೂಚಿಸಿದ ಯಾವ ಕಾನೂನು ಮುರಿದರೂ ಕಾರ್ಡು ರದ್ದು ಮಾಡಬಹುದು. 2021ರಲ್ಲಿ ಪತ್ರಕರ್ತನ ಕೆಲಸಕ್ಕೆ, ಸಂಶೋಧನೆಗೆ, ಬೆಟ್ಟ ಹತ್ತುವುದಕ್ಕೂ ಮೊದಲೇ ಪರವಾನಗಿ ಬೇಕು ಅಂದರು. ಅಫ್ರೋಯಿಮ್‌ಗೆ ಸಿಕ್ಕ ಭದ್ರತೆ ಈ ಕಾರ್ಡಿಗೂ ಸಿಗಲಿ ಅಂತ ಜಗಳವಾಡು, ನಿನ್ನ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಎರಡನೇ ವೋಟಿಗಾಗಿ ಗಂಟಲು ಹರಿದುಕೊಂಡರೆ ಮಾತ್ರ ನಾನು ಕಿವಿಯ ಮಿಷನ್ ತೆಗೆದಿಡುತ್ತೇನೆ.

ಸದ್ಯಕ್ಕೆ ಆಗಬೇಕಾದ್ದು ಇಷ್ಟು. ಅಮೆರಿಕದ ಪ್ರಮಾಣವಚನವನ್ನು ಮನೆಯಲ್ಲಿ ನಿಧಾನವಾಗಿ ಓದು. ಮನಸ್ಸಿಗೆ ಒಪ್ಪಿದರೆ ಹೇಳು, ಒಪ್ಪದಿದ್ದರೆ ಗ್ರೀನ್ ಕಾರ್ಡಿನಲ್ಲೇ ಇರು. ಅದೇನು ಅವಮಾನವಲ್ಲ. ಹೇಳಿದೆಯೋ, ಭಾರತದ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಬಚ್ಚಿಡಬೇಡ, ಅದು ಅಪರಾಧ. ಒಪ್ಪಿಸಿ, ಒಪ್ಪಿಸಿದ ಸರ್ಟಿಫಿಕೇಟ್ ಜೋಪಾನ ಮಾಡು, ಓಸಿಐ ಅರ್ಜಿಗೆ ಬೇಕಾಗುತ್ತದೆ. ಓಸಿಐ ಆದ ಮೇಲೆ ಅಡಿಕೆ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ, ಹಾಗಾಗಿ ನಮ್ಮ ತೋಟದ ಚಿಂತೆ ನಿನಗೆ ಬೇಡ. ಮತ್ತೆ ನಿನ್ನ ಹೆಸರಿನಲ್ಲಿ ಇಲ್ಲಿರುವ ಮ್ಯೂಚುವಲ್ ಫಂಡುಗಳಿಗೆ ಅಮೆರಿಕದ ತೆರಿಗೆ ಲೆಕ್ಕ ಬಹಳ ಕಟು. ಅದನ್ನು ಅಲ್ಲಿಯ ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಕೇಳು, ನಿನ್ನ ಯೂಟ್ಯೂಬ್ ಗುರುವಿನ ಹತ್ತಿರ ಅಲ್ಲ.